ಆಟದ ಅಂಗಳದಲ್ಲಿ ಮನೋಬಲದ ದಾಸೋಹ

ಪ್ರತಿ ವರ್ಷ ಜೂನ್ ತಿಂಗಳು ಬಂತೆಂದರೆ ನಾಡಿನ ಮಠಗಳ ಉಚಿತ ಪ್ರಸಾದ ನಿಲಯಗಳ ಬಾಗಿಲಲ್ಲಿ ಒಂದೇ ಬಗೆಯ ನೋಟ ಕಾಣುತ್ತದೆ. ತಗಡಿನ ಒಂದು ಟ್ರಂಕು, ಹಾಸಿಗೆಯ ಒಂದು ಸುರುಳಿ, ತಾಯಿಯ ಸೆರಗನ್ನು ಬಿಡದೆ ನಿಂತ ಹತ್ತು ಹನ್ನೊಂದು ವರ್ಷದ ಒಂದು ಮಗು. ಮಳೆ ಕೈಕೊಟ್ಟ ಊರಿನಿಂದ ಬಂದವರು, ಹೊಟ್ಟೆಪಾಡಿಗಾಗಿ ಗುಳೆ ಹೋಗುವ ಮನೆಯವರು, ತಂದೆಯನ್ನು ಕಳೆದುಕೊಂಡವರು, ದಿನವೂ ಕುಡಿತದ ಜಗಳವನ್ನು ಕೇಳುತ್ತ ಬೆಳೆದವರು ಅವರಲ್ಲಿರುತ್ತಾರೆ. ಮಠವು ಅಂಥ ಮಗುವಿನ ಜಾತಿಯನ್ನು ಕೇಳುವುದಿಲ್ಲ, ಹಸಿವನ್ನು ಕೇಳುತ್ತದೆ. ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹದಿಂದ ಲಕ್ಷಾಂತರ ಮಕ್ಕಳ ಬದುಕು ಹಸನಾದುದನ್ನು ನಾವೆಲ್ಲರೂ ಕಂಡಿದ್ದೇವೆ. ಸಿದ್ಧಗಂಗೆಯ ಲಿಂಗೈಕ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ನೂರ ಹನ್ನೊಂದು ವರ್ಷಗಳ ತಮ್ಮ ಸಾರ್ಥಕ ಬದುಕಿನಲ್ಲಿ ಈ ದಾಸೋಹವನ್ನು ಎಷ್ಟು ಎತ್ತರಕ್ಕೆ ಒಯ್ದರೆಂಬುದನ್ನು ಇಲ್ಲಿ ಮತ್ತೆ ವಿವರಿಸಬೇಕಾಗಿಲ್ಲ.

ಆದರೆ ಆ ಮಗು ಟ್ರಂಕಿನ ಜೊತೆಗೆ ಹೊತ್ತು ತರುವ ಇನ್ನೊಂದು ಭಾರವಿದೆ. ಅದು ಕಣ್ಣಿಗೆ ಕಾಣದು. ಭಯ, ನಾಚಿಕೆ, ತಾನು ಉಳಿದವರಿಗಿಂತ ಕಡಿಮೆಯೆಂಬ ಭಾವ, ಸಣ್ಣ ಮಾತಿಗೂ ಸಿಡಿಯುವ ಸಿಟ್ಟು, ಏನಾದರೂ ತಪ್ಪಿದರೆ ಎಲ್ಲವೂ ಮುಗಿಯಿತೆನ್ನುವ ಹತಾಶೆ, ಇವು ಆ ಭಾರದ ರೂಪಗಳು. ಹೊಟ್ಟೆ ತುಂಬಿದ ಮಾತ್ರಕ್ಕೆ, ಅಂಕಪಟ್ಟಿ ತುಂಬಿದ ಮಾತ್ರಕ್ಕೆ ಅದು ಇಳಿಯುವುದಿಲ್ಲ. ಪರೀಕ್ಷೆಯ ಫಲಿತಾಂಶ ಪ್ರಕಟವಾದ ಮರುದಿನ ಪತ್ರಿಕೆಗಳಲ್ಲಿ ಬರುವ ದುಃಖದ ಸುದ್ದಿಗಳನ್ನು ಓದಿದಾಗಲೆಲ್ಲ, ಈ ಮಕ್ಕಳಿಗೆ ಪಾಠವನ್ನು ಹೇಳಿಕೊಟ್ಟೆವು, ಸೋತಾಗ ಏಳುವುದನ್ನು ಹೇಳಿಕೊಟ್ಟೆವೇ ಎಂಬ ಪ್ರಶ್ನೆ ನಮ್ಮನ್ನು ಕಾಡುತ್ತದೆ.

ಈ ವಿದ್ಯೆಯನ್ನು ಕಲಿಸಲು ಅತ್ಯಂತ ಸಹಜವಾದ ಸ್ಥಳವೆಂದರೆ ಆಟದ ಅಂಗಳವೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಎರಡು ಷರತ್ತುಗಳಿವೆ. ಆಟದ ಸಮಯವನ್ನು ಯಾವ ಕಾರಣಕ್ಕೂ ಕಸಿಯಬಾರದು. ಆಟದೊಡನೆ ಮನಸ್ಸಿನ ಕೌಶಲವನ್ನು ಬಲ್ಲವರೊಬ್ಬರು ತಿಳಿದು ಕಲಿಸಬೇಕು.

ಮನೋಬಲವೆಂದರೆ ಕಲ್ಲೆದೆಯೆಂದು ಅನೇಕರು ತಿಳಿದಿದ್ದಾರೆ. ಅಳದಿರುವುದು, ನೋವನ್ನು ತೋರಗೊಡದಿರುವುದು ಬಲವೆಂದು ಗಂಡುಮಕ್ಕಳಿಗೆ ಎಳವೆಯಿಂದಲೇ ಹೇಳುತ್ತೇವೆ. ಆರೋಗ್ಯಶಾಸ್ತ್ರವು ಹೇಳುವ ಮನೋಬಲ ಅದಲ್ಲ. ಗಾಳಿಗೆ ಬಾಗಿದ ಬಿದಿರು ಗಾಳಿ ನಿಂತ ಮೇಲೆ ಮತ್ತೆ ನೆಟ್ಟಗಾಗುವಂತೆ, ಕಷ್ಟಕ್ಕೆ ಸಿಕ್ಕಿ ನಲುಗಿದ ಮನಸ್ಸು ಮರಳಿ ತನ್ನ ಸ್ಥಿತಿಗೆ ಬರುವ ಸಾಮರ್ಥ್ಯವೇ ಮನೋಬಲ. ಅದರಲ್ಲಿ ಅಳುವಿಗೂ ಎಡೆಯಿದೆ, ಇನ್ನೊಬ್ಬರ ಆಸರೆಯನ್ನು ಬೇಡುವುದಕ್ಕೂ ಎಡೆಯಿದೆ.

ಈ ಬಲವು ಹುಟ್ಟಿನಿಂದಲೇ ಕೆಲವರಿಗೆ ಮಾತ್ರ ಬರುವ ವರವೇ? ಅಲ್ಲವೆಂಬುದಕ್ಕೆ ಒಂದು ಪ್ರಸಿದ್ಧ ಅಧ್ಯಯನದ ಸಾಕ್ಷ್ಯವಿದೆ. ಅಮೆರಿಕಕ್ಕೆ ಸೇರಿದ ಹವಾಯಿ ದ್ವೀಪಸಮೂಹದ ಕೌವಾಯಿ ಎಂಬ ದ್ವೀಪದಲ್ಲಿ 1955ರಲ್ಲಿ ಜನಿಸಿದ 698 ಮಕ್ಕಳ ಬದುಕನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಹಿಂಬಾಲಿಸಿ ನೋಡಿದರು. ಅವರಲ್ಲಿ ಒಂದು ಗುಂಪಿನ ಮಕ್ಕಳು ಬಡತನ, ಮನೆಯ ಕಲಹ, ಹೆತ್ತವರ ಕುಡಿತ ಅಥವಾ ಮನೋರೋಗ ಮೊದಲಾದ ಹಲವು ಸಂಕಷ್ಟಗಳ ನಡುವೆ ಬೆಳೆದವರು. ಅಂಥವರಲ್ಲಿಯೂ ಸುಮಾರು ಮೂರನೆಯ ಒಂದು ಭಾಗದವರು ಸಮರ್ಥರಾದ, ಅಕ್ಕರೆಯುಳ್ಳ ವಯಸ್ಕರಾಗಿ ಬೆಳೆದರು. ಅವರ ಬಾಳಿನಲ್ಲಿ ಕಂಡುಬಂದ ಮುಖ್ಯ ಆಸರೆಗಳಲ್ಲಿ ಒಂದು, ತಮ್ಮನ್ನು ನಂಬಿ ಕೈಹಿಡಿದ ಒಬ್ಬ ಹಿರಿಯರು. ಆ ಹಿರಿಯರು ಹೆತ್ತವರೇ ಆಗಿರಬೇಕೆಂದಿರಲಿಲ್ಲ. ಅಜ್ಜಿಯಾಗಿರಬಹುದು, ಶಿಕ್ಷಕರಾಗಿರಬಹುದು, ನೆರೆಯವರಾಗಿರಬಹುದು. ಪ್ರಸಾದ ನಿಲಯವನ್ನು ನಡೆಸುವವರಿಗೆ ಇದಕ್ಕಿಂತ ದೊಡ್ಡ ಭರವಸೆಯೂ ಇದಕ್ಕಿಂತ ದೊಡ್ಡ ಹೊಣೆಯೂ ಬೇರೊಂದಿಲ್ಲ.

ವಯಸ್ಸಿನ ವಿಚಾರವೂ ಮುಖ್ಯ. ಲೋಕದ ಹತ್ತರಿಂದ ಹತ್ತೊಂಬತ್ತು ವರ್ಷದವರಲ್ಲಿ ಏಳು ಜನಕ್ಕೊಬ್ಬರು ಒಂದಲ್ಲ ಒಂದು ಮಾನಸಿಕ ಅಸ್ವಾಸ್ಥ್ಯದಿಂದ ಬಳಲುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಆವೇಗವನ್ನು ತಡೆದು ಯೋಚಿಸಿ ನಡೆಯುವಂತೆ ಮಾಡುವ ಮುಂಮೆದುಳು ಇಪ್ಪತ್ತೈದರ ಆಸುಪಾಸಿನವರೆಗೂ ಬಲಿಯುತ್ತಲೇ ಇರುತ್ತದೆ. ಆದುದರಿಂದ ಹದಿಹರೆಯದ ಹುಡುಗ ದುಡುಕಿದನೆಂದರೆ ಅವನು ಕೆಟ್ಟವನೆಂದು ಅರ್ಥವಲ್ಲ, ಅವನ ಕಲಿಕೆ ಇನ್ನೂ ನಡೆಯುತ್ತಿದೆಯೆಂದು ಅರ್ಥ. ಕಲಿಕೆ ನಡೆಯುವಾಗಲೇ ಕಲಿಸಬೇಕು.

ಏನನ್ನು ಕಲಿಸಬೇಕೆಂಬುದೂ ಅಸ್ಪಷ್ಟವಾಗಿಲ್ಲ. ಒಂದೆಡೆ ಚಿತ್ತವನ್ನು ನಿಲ್ಲಿಸುವುದು, ಆವೇಗಕ್ಕೆ ತಡೆ ಹಾಕುವುದು, ಉಸಿರನ್ನು ಹದಕ್ಕೆ ತಂದು ತಳಮಳವನ್ನು ಇಳಿಸುವುದು, ತನ್ನೊಳಗೆ ತಾನು ಆಡಿಕೊಳ್ಳುವ ಮಾತನ್ನು ತಿದ್ದುವುದು, ದೊಡ್ಡ ಗುರಿಯನ್ನು ಸಣ್ಣ ಮೆಟ್ಟಿಲುಗಳನ್ನಾಗಿ ಮಾಡಿಕೊಳ್ಳುವುದು, ಅಗತ್ಯ ಬಿದ್ದಾಗ ನೆರವು ಕೇಳುವುದು, ಇವು ಆ ಕೌಶಲಗಳು. ಹೆಸರಾಂತ ಕ್ರೀಡಾಪಟುಗಳಿಗೆ ತರಬೇತುದಾರರು ಹೇಳಿಕೊಡುವುದೂ ಬಹುಮಟ್ಟಿಗೆ ಇವನ್ನೇ. ಇವನ್ನು ಬಾಯಿಮಾತಿನ ಉಪದೇಶದಿಂದ ಹೇಳಿದರೆ ಮಕ್ಕಳು ತಲೆಯಾಡಿಸಿ ಮರೆಯುತ್ತಾರೆ. ಈಜುವುದನ್ನು ಕಪ್ಪುಹಲಗೆಯ ಮೇಲೆ ಕಲಿಸಲಾಗದಂತೆ, ಸಿಟ್ಟು ಬಂದಾಗ ತಡೆದುಕೊಳ್ಳುವುದನ್ನು ಸಿಟ್ಟು ಬರದ ಕಡೆ ಕಲಿಸಲಾಗದು. ಆಟದಲ್ಲಿ ಸಿಟ್ಟು ಬರುತ್ತದೆ, ಭಯವಾಗುತ್ತದೆ, ಸೋಲು ಬರುತ್ತದೆ. ಆದರೆ ಅಲ್ಲಿನ ಸೋಲಿನಿಂದ ಯಾರ ಬದುಕೂ ಹಾಳಾಗುವುದಿಲ್ಲ. ಆಟದ ಉಪಕಾರ ಇರುವುದೇ ಇಲ್ಲಿ.

ನಮ್ಮ ಹಳ್ಳಿಯ ಆಟಗಳನ್ನು ಈ ದೃಷ್ಟಿಯಿಂದ ಒಮ್ಮೆ ನೋಡೋಣ. ಕೆರೆ-ದಡ ಎಂಬ ಆಟದಲ್ಲಿ ಹೇಳುವವನು ಕೆರೆ ಎಂದಾಗ ಒಳಕ್ಕೂ ದಡ ಎಂದಾಗ ಹೊರಕ್ಕೂ ನೆಗೆಯಬೇಕು. ಅವನು ಬೇಕೆಂದೇ ಒಂದೇ ಮಾತನ್ನು ಎರಡು ಬಾರಿ ಹೇಳಿ ತಪ್ಪಿಸುತ್ತಾನೆ. ನೆಗೆಯಲು ಸಿದ್ಧವಾದ ಕಾಲನ್ನು ಕ್ಷಣಮಾತ್ರದಲ್ಲಿ ತಡೆದು ನಿಲ್ಲಿಸುವ ಆ ಅಭ್ಯಾಸವೇ ಆವೇಗದ ನಿಯಂತ್ರಣ. ಅಮೆರಿಕದಲ್ಲಿ ಬಡಕುಟುಂಬಗಳ ಎಳೆಯ ಮಕ್ಕಳಿಗಾಗಿ ನಡೆಯುವ ಹೆಡ್ ಸ್ಟಾರ್ಟ್ ಶಾಲೆಗಳಲ್ಲಿ ಆತ್ಮಸಂಯಮವನ್ನು ಬೆಳೆಸಲು ಸಂಶೋಧಕರು ಬಳಸಿ ನೋಡಿದ ಆಟಗಳೂ ಇದೇ ಜಾತಿಯವು. ಒಂದು ಬಣ್ಣ ತೋರಿಸಿದರೆ ನಡೆಯಬೇಕು, ಇನ್ನೊಂದು ತೋರಿಸಿದರೆ ನಿಲ್ಲಬೇಕು, ನಡುವೆ ನಿಯಮ ತಿರುವುಮುರುವಾಗುತ್ತದೆ. ನಮ್ಮ ಅಂಗಳದಲ್ಲಿ ಅದು ಕಾಸಿನ ಖರ್ಚಿಲ್ಲದೆ ತಲೆತಲಾಂತರದಿಂದ ಇದೆ.

ಖೋ-ಖೋ ಆಟದಲ್ಲಿ ಎಂಟು ಜನ ಒಬ್ಬರ ಪಕ್ಕದವರು ಎದುರು ದಿಕ್ಕಿಗೆ ಮುಖಮಾಡಿ ಕುಳಿತಿರುತ್ತಾರೆ. ಎದುರಾಳಿ ಕಣ್ಣೆದುರೇ ಓಡುತ್ತಿದ್ದರೂ ಬೆನ್ನ ಹಿಂದಿನಿಂದ ಖೋ ಎಂಬ ಸದ್ದು ಬರುವವರೆಗೆ ಏಳುವಂತಿಲ್ಲ. ಕಾಯುವುದೂ ಒಂದು ಕೆಲಸವೆಂದು ಅದು ಕಲಿಸುತ್ತದೆ. ಓಡಿ ದಣಿದವನು ತನ್ನ ಪಾಳಿಯನ್ನು ಸಂಗಾತಿಗೆ ಒಪ್ಪಿಸಿ ಕೂರಬೇಕು, ಎಲ್ಲವನ್ನೂ ತಾನೊಬ್ಬನೇ ಮಾಡುವೆನೆಂದರೆ ತಂಡ ಸೋಲುತ್ತದೆ. ನೆರವು ಕೇಳುವುದು ಅವಮಾನವಲ್ಲವೆಂಬುದನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ಪಾಠವನ್ನು ನಾವು ಕಾಣೆವು.

ಕಬಡ್ಡಿಯಲ್ಲಿ ಉಸಿರಿನ ಹಿಡಿತವಿದೆ. ಅದಕ್ಕಿಂತ ಮಿಗಿಲಾಗಿ ಅಲ್ಲಿ ಔಟಾದವನು ಸತ್ತಂತಲ್ಲ. ತನ್ನ ತಂಡದವನು ಎದುರಾಳಿಯೊಬ್ಬನನ್ನು ಔಟ್ ಮಾಡಿದರೆ, ಹೊರಗೆ ಕುಳಿತವನು ತನ್ನ ಸರದಿಯಂತೆ ಮರಳಿ ಕಣಕ್ಕೆ ಬರುತ್ತಾನೆ. ಚೌಕಾಬಾರದಲ್ಲಿಯೂ ಹಾಗೆಯೇ, ಕಡಿಸಿಕೊಂಡ ಕಾಯಿ ತನ್ನ ಮನೆಗೆ ಹೋಗಿ ಮತ್ತೆ ಮೊದಲಿನಿಂದ ಹೊರಡುತ್ತದೆ. ಕವಡೆ ಹೇಗೆ ಬೀಳುವುದೆಂಬುದು ನಮ್ಮ ಕೈಯಲ್ಲಿಲ್ಲ, ಬಿದ್ದ ಕವಡೆಯಿಂದ ಯಾವ ಕಾಯಿಯನ್ನು ನಡೆಸಬೇಕೆಂಬುದು ನಮ್ಮ ಕೈಯಲ್ಲಿದೆ. ಲಗೋರಿಯಲ್ಲಂತೂ ಚೆಂಡಿನ ಹೊಡೆತದ ನಡುವೆಯೇ ಕೆಡವಿದ ಏಳು ಬಿಲ್ಲೆಗಳನ್ನು ಒಂದರ ಮೇಲೊಂದು ಮತ್ತೆ ಜೋಡಿಸಬೇಕು. ಅವಸರಪಟ್ಟರೆ ಅದು ಮತ್ತೆ ಕುಸಿಯುತ್ತದೆ.

ಹೀಗೆಂದ ಮಾತ್ರಕ್ಕೆ ಮಕ್ಕಳನ್ನು ಬಯಲಿಗೆ ಬಿಟ್ಟರೆ ಸಾಕು, ಮನೋಬಲ ತಾನಾಗಿ ಬರುತ್ತದೆಂದು ನಾವು ಹೇಳುತ್ತಿಲ್ಲ. ಒಂದು ನಿಲಯದ ಅಂಗಳದಲ್ಲಿ ನಾವು ಕಂಡದ್ದನ್ನು ಹೇಳುತ್ತೇವೆ. ಲಗೋರಿ ನಡೆದಿತ್ತು. ಒಬ್ಬ ಹುಡುಗ ಮೂರು ಬಾರಿ ಚೆಂಡಿನೇಟು ತಿಂದು ಹೊರಬಿದ್ದ. ಉಳಿದವರು ನಕ್ಕರು. ಅವನು ಬಿಲ್ಲೆಗಳನ್ನು ಕಾಲಿನಿಂದ ಒದ್ದು ಮೂಲೆಗೆ ಹೋಗಿ ಕುಳಿತ. ನೋಡಿಕೊಳ್ಳುತ್ತಿದ್ದವರು ಶಿಸ್ತಿಲ್ಲದವನೆಂದು ಬೈದು, ಒಂದು ವಾರ ಆಟಕ್ಕೆ ಬರಬೇಡವೆಂದರು. ಅಂದು ಆ ಹುಡುಗ ಕಲಿತದ್ದೇನು? ಸೋತರೆ ನಗುತ್ತಾರೆ, ಸಿಟ್ಟು ಬಂದರೆ ಹೊರಗೆ ಹಾಕುತ್ತಾರೆ ಎಂಬುದನ್ನು. ಅದನ್ನು ಅವನು ಮನೆಯಲ್ಲಿ ಆಗಲೇ ಕಲಿತು ಬಂದಿದ್ದಿರಬಹುದು. ಆಟವು ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಬೈದವರನ್ನು ನಾವು ದೂರುವುದಿಲ್ಲ, ಬೇರೆ ದಾರಿಯನ್ನು ಅವರಿಗೆ ಯಾರೂ ತೋರಿಸಿರಲಿಲ್ಲ.

ಬೇರೆ ದಾರಿ ಕಠಿಣವಾದುದೇನೂ ಅಲ್ಲ. ಆಟಕ್ಕೆ ಮೊದಲು ಎರಡು ನಿಮಿಷ, ಇಂದು ಯಾವ ಕೌಶಲವನ್ನು ಗಮನಿಸುತ್ತೇವೆಂದು ಹೇಳಬೇಕು. ಒಂದು ದಿನಕ್ಕೆ ಒಂದೇ ಸಾಕು. ಉದಾಹರಣೆಗೆ, ಹೊರಬಿದ್ದವರು ಉಸಿರನ್ನು ಮೂರು ಬಾರಿ ನಿಧಾನವಾಗಿ ಹೊರಬಿಟ್ಟು ಅನಂತರ ಮಾತಾಡಬೇಕು. ಹೊರಬಿಡುವ ಉಸಿರು ದೀರ್ಘವಾದಾಗ ಎದೆಬಡಿತ ತಗ್ಗುತ್ತದೆ, ತಗ್ಗಿದಾಗ ಬುದ್ಧಿಗೆ ಎಡೆ ಸಿಗುತ್ತದೆ. ಆಟದ ನಡುವೆ ಹಿರಿಯರು ಗೆದ್ದವರನ್ನು ಮಾತ್ರ ನೋಡದೆ, ಸೋತವರು ಹೇಗೆ ಮರಳಿದರೆಂಬುದನ್ನು ನೋಡಬೇಕು. ಆಟ ಮುಗಿದ ಮೇಲೆ ಹತ್ತು ನಿಮಿಷ ಎಲ್ಲರೂ ವೃತ್ತವಾಗಿ ಕುಳಿತು ಮೂರು ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಆಟದಲ್ಲಿ ಯಾವ ಗಳಿಗೆ ಕಷ್ಟವೆನಿಸಿತು? ಆಗ ನಿನಗೆ ನೀನು ಏನು ಹೇಳಿಕೊಂಡೆ? ಇಂಥ ಗಳಿಗೆ ತರಗತಿಯಲ್ಲಿ, ಮನೆಯಲ್ಲಿ ಬಂದರೆ ಏನು ಮಾಡುವೆ?

ಮೂರನೆಯ ಪ್ರಶ್ನೆಯೇ ಮುಖ್ಯ. ಅದಿಲ್ಲದೆ ಆಟದಲ್ಲಿ ಕಲಿತದ್ದು ಆಟದಲ್ಲಿಯೇ ಉಳಿಯುತ್ತದೆ. ನನ್ನಿಂದಾಗದು ಎಂದು ಹೇಳಿಕೊಳ್ಳುತ್ತಿದ್ದ ಹುಡುಗಿ, ನನ್ನಿಂದ ಇನ್ನೂ ಆಗಿಲ್ಲ ಎಂದು ಹೇಳಿಕೊಳ್ಳುವುದನ್ನು ಲಗೋರಿಯಲ್ಲಿ ಕಲಿತು, ಅದನ್ನೇ ಗಣಿತದ ಪುಸ್ತಕದ ಮುಂದೆ ಹೇಳಿಕೊಂಡಾಗ ಮಾತ್ರ ಆ ಕೌಶಲ ಅವಳದಾಯಿತು. ಶರಣ ಪರಂಪರೆಯಲ್ಲಿ ಬೆಳೆದ ನಮಗೆ ಇದು ಹೊಸದೂ ಅಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬೇರೆಬೇರೆ ಕಾಯಕದವರು ಒಂದೆಡೆ ಸಮಾನರಾಗಿ ಕುಳಿತು ತಮ್ಮ ಬದುಕನ್ನು ತಾವೇ ಮಾತಿಗೆ ತಂದು ವಿಚಾರ ಮಾಡಿದರೆಂಬುದನ್ನು ಅನುಭವ ಮಂಟಪದ ಹೆಸರಿನಲ್ಲಿ ನೆನೆಯುತ್ತೇವೆ. ಅನುಭವವು ವಿಚಾರಕ್ಕೆ ಬಂದಾಗಲೇ ಅರಿವಾಗುತ್ತದೆ. ಆಟದ ಬಳಿಕ ಕೂರುವ ಆ ಹತ್ತು ನಿಮಿಷದ ವೃತ್ತವನ್ನು ಮಕ್ಕಳ ಪುಟ್ಟ ಅನುಭವಗೋಷ್ಠಿಯೆಂದು ಕರೆಯಲು ಏನಡ್ಡಿ?

ಈ ವಿಧಾನಕ್ಕೆ ಹೊರನಾಡಿನಲ್ಲಿ ಒಂದು ಒಳ್ಳೆಯ ನಿದರ್ಶನವಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಸೇಂಟ್ ಬೇಸಿಲ್ಸ್ ಎಂಬ ಸೇವಾಸಂಸ್ಥೆ ಮನೆಯಿಲ್ಲದ ತರುಣ ತರುಣಿಯರಿಗೆ ಆಶ್ರಯ ನೀಡುತ್ತದೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಕ್ರೀಡಾ ಮನಶ್ಶಾಸ್ತ್ರಜ್ಞರು ಅದರೊಡನೆ ಸೇರಿ 2014ರಿಂದ ಒಂದು ತರಬೇತಿಯನ್ನು ನಡೆಸಿದರು. ಅದರ ಹೆಸರನ್ನು ಕನ್ನಡದಲ್ಲಿ ಬದುಕಿಗಾಗಿ ನನ್ನ ಬಲಗಳ ತರಬೇತಿ ಎನ್ನಬಹುದು. ಕ್ರೀಡಾಪಟುಗಳಿಗೆ ಕಲಿಸುವ ಮಾನಸಿಕ ಕೌಶಲಗಳನ್ನೇ ಆ ಯುವಜನರಿಗೆ ಚಟುವಟಿಕೆ, ಆಟ, ಗುಂಪುಕೆಲಸಗಳ ಮೂಲಕ ಕಲಿಸುವುದು, ಅನಂತರ ಬೆಟ್ಟ ಸರೋವರಗಳ ನಾಡಿಗೆ ಕರೆದೊಯ್ದು ಸಾಹಸ ಶಿಬಿರದಲ್ಲಿ ಅವನ್ನು ಬಳಸುವಂತೆ ಮಾಡುವುದು ಅದರ ಕ್ರಮ. ನಿನ್ನಲ್ಲಿ ಏನು ಕೊರತೆಯಿದೆ ಎಂಬ ಪ್ರಶ್ನೆಯಿಂದ ಅವರು ಆರಂಭಿಸಲಿಲ್ಲ. ನಿನ್ನಲ್ಲಿ ಏನು ಬಲವಿದೆ, ಕಷ್ಟ ಬಂದರೆ ಯಾರ ಬಳಿಗೆ ಹೋಗುವೆ ಎಂಬ ಪ್ರಶ್ನೆಗಳಿಂದ ಆರಂಭಿಸಿದರು. ಭಾಗವಹಿಸಿದವರಲ್ಲಿ ಆತ್ಮವಿಶ್ವಾಸವೂ ಕಷ್ಟವನ್ನು ಎದುರಿಸುವ ಶಕ್ತಿಯೂ ಬೆಳೆದುದನ್ನು ಸಂಶೋಧಕರು ದಾಖಲಿಸಿದ್ದಾರೆ. ಮನೆಯಿಲ್ಲದವನನ್ನು ಅವನ ದೈನ್ಯದಿಂದ ಅಳೆಯದೆ ಅವನ ಬಲದಿಂದ ಅಳೆಯುವ ಆ ನಿಲುವು ನಮಗೆ ಬಹಳ ಹಿಡಿಸಿತು.

ಇಲ್ಲಿ ಮೂರು ಆಕ್ಷೇಪಗಳು ಬರುವುದನ್ನು ನಾವು ಬಲ್ಲೆವು. ಮೊದಲನೆಯದು ಅಂಕಗಳದ್ದು. ಹತ್ತನೆಯ ತರಗತಿಗೆ ಬಂದ ಮಕ್ಕಳಿಗೆ ಡಿಸೆಂಬರ್ ಕಳೆದ ಮೇಲೆ ಆಟದ ಅವಧಿಯಲ್ಲಿಯೂ ವಿಶೇಷ ತರಗತಿ ನಡೆಸುವ ವಾಡಿಕೆ ಎಲ್ಲೆಡೆ ಇದೆ. ಒಳ್ಳೆಯ ಉದ್ದೇಶದಿಂದಲೇ ಅದು ನಡೆಯುತ್ತದೆ. ಆದರೆ ಒತ್ತಡ ಅತ್ಯಂತ ಹೆಚ್ಚಿರುವ ತಿಂಗಳುಗಳಲ್ಲಿಯೇ ಒತ್ತಡವನ್ನು ಇಳಿಸುವ ಸಾಧನವನ್ನು ಕಿತ್ತುಕೊಂಡಂತಾಗುತ್ತದೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವಾಗ ಪರೀಕ್ಷೆಯ ತಿಂಗಳನ್ನು ಹೊರತುಪಡಿಸಿಲ್ಲ. ಶಾಲೆಗೆ ಆಟದ ಬಯಲೂ ಆಟದ ಸಾಮಗ್ರಿಯೂ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯೇ ವಿಧಿಸಿದೆ. ಅಂದಮೇಲೆ ಆಟವು ಮಗುವಿಗೆ ನಾವು ಮಾಡುವ ಔದಾರ್ಯವಲ್ಲ.

ಎರಡನೆಯದು, ಹಿಂದಿನವರು ಇದಾವುದೂ ಇಲ್ಲದೆ ಆಡಿ ಬೆಳೆಯಲಿಲ್ಲವೇ ಎಂಬ ಮಾತು. ಬೆಳೆದರು, ನಿಜ. ಆಗ ಓಣಿಯಲ್ಲಿ ಜಗಳ ಬಿಡಿಸುವ ಅಜ್ಜನಿದ್ದ, ಅತ್ತು ಬಂದರೆ ಮಡಿಲಿಗೆ ಎಳೆದುಕೊಳ್ಳುವ ಅತ್ತೆಯಿದ್ದಳು. ಮೂರನೆಯ ಪ್ರಶ್ನೆಯನ್ನು ಅವರು ತಮ್ಮದೇ ಮಾತಿನಲ್ಲಿ ಕೇಳುತ್ತಿದ್ದರು. ನಿಲಯದಲ್ಲಿರುವ ಮಗುವಿಗೆ ಆ ಅಜ್ಜನೂ ಆ ಅತ್ತೆಯೂ ನಾವೇ ಆಗಬೇಕಾಗಿದೆ.

ಮೂರನೆಯದು, ನಿತ್ಯ ಇಷ್ಟಲಿಂಗ ಪೂಜೆ, ಪ್ರಾರ್ಥನೆ, ಧ್ಯಾನಗಳಿರುವಾಗ ಮನಸ್ಸಿಗೆ ಬೇರೆ ಶಿಕ್ಷಣ ಏಕೆಂಬುದು. ಎಡಗೈಯ ಮೇಲಿನ ಇಷ್ಟಲಿಂಗದಲ್ಲಿ ದೃಷ್ಟಿಯನ್ನು ನೆಲೆಗೊಳಿಸುವ ಅಭ್ಯಾಸಕ್ಕಿಂತ ಉತ್ತಮವಾದ ಏಕಾಗ್ರತೆಯ ಪಾಠ ಇಲ್ಲವೆಂದು ನಾವೂ ನಂಬಿದ್ದೇವೆ. ಆದರೆ ಪೂಜೆಯಲ್ಲಿ ಮನಸ್ಸು ಏಕಾಂತದಲ್ಲಿ ನಿಲ್ಲುವುದನ್ನು ಕಲಿಯುತ್ತದೆ, ಆಟದಲ್ಲಿ ಗದ್ದಲದ ನಡುವೆ ನಿಲ್ಲುವುದನ್ನು ಕಲಿಯುತ್ತದೆ. ಬೆಳಗಿನ ಶಾಂತಿ ಸಂಜೆಯ ಸೋಲಿನಲ್ಲಿಯೂ ಉಳಿಯಿತೇ ಎಂದು ನೋಡಿಕೊಳ್ಳಲು ಬಯಲು ಬೇಕು. ಇವೆರಡೂ ಒಂದನ್ನೊಂದು ಪೋಷಿಸುತ್ತವೆ.

ಕೆಲವು ಎಚ್ಚರಿಕೆಗಳನ್ನೂ ಹೇಳಬೇಕು. ಇಬ್ಬರು ನಾಯಕರು ಎದುರುಬದುರು ನಿಂತು ತಮಗೆ ಬೇಕಾದವರನ್ನು ಆರಿಸಿಕೊಳ್ಳುವ ಪದ್ಧತಿಯನ್ನು ಬಿಡುವುದು ಲೇಸು. ಯಾರಿಗೂ ಬೇಡವಾಗಿ ಕೊನೆಗೆ ಉಳಿಯುವ ಮಗು ಪ್ರತಿದಿನವೂ ಒಂದೇ ಆಗಿರುತ್ತದೆ. ಚೀಟಿ ಎತ್ತಿ ತಂಡ ಮಾಡಬಹುದು. ಹೆಣ್ಣುಮಕ್ಕಳ ನಿಲಯಗಳಲ್ಲಿ ಆಟದ ಬಯಲು ಗಂಡುಮಕ್ಕಳಷ್ಟೇ ವಿಶಾಲವಾಗಿರಬೇಕು. ಅಂಗವೈಕಲ್ಯವುಳ್ಳ ಮಗುವಿಗಾಗಿ ಆಟದ ನಿಯಮವನ್ನು ಬದಲಿಸಬೇಕೇ ಹೊರತು ಆ ಮಗುವನ್ನು ಅಂಕ ಬರೆಯಲು ಕೂರಿಸಬಾರದು. ವೃತ್ತದಲ್ಲಿ ಮಾತಾಡಲು ಯಾರನ್ನೂ ಬಲವಂತ ಮಾಡಬಾರದು, ಅಲ್ಲಿ ಆಡಿದ ಮಾತನ್ನು ಮುಂದೆ ಎತ್ತಿ ಹಂಗಿಸಬಾರದು. ಆಟದಿಂದ ಹೊರಗಿಡುವುದನ್ನು ಶಿಕ್ಷೆಯಾಗಿ ಬಳಸುವುದಂತೂ ಸಲ್ಲದು. ಔಷಧಿ ಯಾರಿಗೆ ಹೆಚ್ಚು ಅಗತ್ಯವೋ ಅವರಿಗೇ ಅದನ್ನು ನಿಲ್ಲಿಸಿದಂತೆ ಅದು.

ಆಟವು ಎಲ್ಲ ರೋಗಕ್ಕೂ ಮದ್ದಲ್ಲವೆಂಬುದನ್ನು ಮರೆಯಬಾರದು. ವಾರಗಟ್ಟಲೆ ಮಂಕಾಗಿರುವ, ಊಟ ನಿದ್ರೆ ಬಿಟ್ಟ, ಇದ್ದಕ್ಕಿದ್ದಂತೆ ಎಲ್ಲರಿಂದ ದೂರ ಸರಿದ, ಬದುಕಿ ಫಲವಿಲ್ಲವೆಂದು ಮಾತಾಡುವ ಮಗುವನ್ನು ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು, ಒಂಟಿಯಾಗಿ ಬಿಡಬಾರದು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುತ್ತದೆ. ಪ್ರತಿ ನಿಲಯದ ಗೋಡೆಯ ಮೇಲೂ ಈ ಸಂಖ್ಯೆ ಬರೆದಿರಲಿ. ಹಾಗೆಯೇ, ಮನೋಬಲವನ್ನು ಕಲಿಸಿದೆವೆಂದು ಬಡತನವನ್ನೂ ಅನ್ಯಾಯವನ್ನೂ ಸಹಿಸಿಕೊಳ್ಳೆಂದು ಮಗುವಿಗೆ ಹೇಳುವಂತಿಲ್ಲ. ಅವನ್ನು ನಿವಾರಿಸುವ ಹೊಣೆ ಹಿರಿಯರದು. ಬಸವಾದಿ ಶರಣರು ನೊಂದವರಿಗೆ ತಾಳ್ಮೆಯನ್ನು ಮಾತ್ರ ಹೇಳಲಿಲ್ಲ, ಸಮಾನತೆಯ ಸಮಾಜವನ್ನು ಕಟ್ಟಲು ಹೊರಟರು.

ಕೊನೆಯದಾಗಿ ಸದ್ಭಕ್ತರಲ್ಲಿ ನಮ್ಮ ವಿನಂತಿ. ಮಠಕ್ಕೆ ಅಕ್ಕಿ ಬೇಳೆಗಳನ್ನು, ಕಟ್ಟಡಕ್ಕೆ ಕಾಣಿಕೆಯನ್ನು ನೀವು ತಲೆಮಾರುಗಳಿಂದ ಕೊಡುತ್ತ ಬಂದಿದ್ದೀರಿ. ಅದರೊಡನೆ ಆಟದ ಬಯಲನ್ನೂ ದಾಸೋಹದ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಹೊಸ ಕಟ್ಟಡ ಏಳುವಾಗ ಬಯಲು ಕಿರಿದಾಗದಂತೆ ನೋಡಿಕೊಳ್ಳಿ. ನಿಲಯಕ್ಕೊಬ್ಬರಂತೆ ಈ ವಿಧಾನವನ್ನು ಬಲ್ಲ ಹಿರಿಯರು ಸಿದ್ಧರಾಗಲಿ. ಯುವಜನರ ಮನಸ್ಸಿನ ಆರೋಗ್ಯಕ್ಕಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯೊಡನೆ ರೂಪಿಸಿದ ಯುವ ಸ್ಪಂದನ ಕಾರ್ಯಕ್ರಮವಿದೆ, ಅಲ್ಲಿಂದ ಮಾರ್ಗದರ್ಶನ ಪಡೆಯಬಹುದು. ನಿಲಯದಲ್ಲಿ ಓದಿ ಹೋದ ಹಳೆಯ ವಿದ್ಯಾರ್ಥಿಗಳು ತಿಂಗಳಿಗೊಂದು ಸಂಜೆ ಬಂದು ಮಕ್ಕಳೊಡನೆ ಆಡಿ, ತಾವು ಸೋತ ದಿನಗಳನ್ನೂ ಎದ್ದ ಬಗೆಯನ್ನೂ ಹೇಳಲಿ. ಚೌಕಾಬಾರ, ಅಳಗುಳಿಮನೆಗಳನ್ನು ಬಲ್ಲ ಅಜ್ಜಿಯಂದಿರು ಬರಲಿ. ಇದಕ್ಕೆ ಹಣ ಹೆಚ್ಚು ಬೇಕಾಗಿಲ್ಲ, ಸಮಯ ಬೇಕು. ಹಣವನ್ನು ಕೊಡುವಷ್ಟು ಸುಲಭವಾಗಿ ನಾವು ಸಮಯವನ್ನು ಕೊಡುವುದಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

ಬಿಲ್ಲೆಗಳನ್ನು ಒದ್ದು ಮೂಲೆಯಲ್ಲಿ ಕುಳಿತ ಆ ಹುಡುಗನ ಪಕ್ಕದಲ್ಲಿ ಅಂದು ಯಾರಾದರೊಬ್ಬರು ಐದು ನಿಮಿಷ ಕುಳಿತಿದ್ದರೆ, ಅನಂತರ ಕೈಹಿಡಿದು ಕರೆತಂದು, ಬಾ, ಇದನ್ನು ಮತ್ತೆ ಜೋಡಿಸೋಣ ಎಂದಿದ್ದರೆ, ಅವನು ಕಲಿಯುತ್ತಿದ್ದ ಪಾಠವೇ ಬೇರೆಯಾಗುತ್ತಿತ್ತು. ಈ ಜೂನ್ ತಿಂಗಳಲ್ಲಿ ಟ್ರಂಕು ಹಿಡಿದು ಬರುವ ಮಕ್ಕಳ ಪಕ್ಕದಲ್ಲಿ ಹಾಗೆ ಕೂರುವವರು ನಮ್ಮೊಳಗಿಂದಲೇ ಬರಲಿ ಎಂದು ಹಾರೈಸುತ್ತೇವೆ.